ಜಾಲಿಹಟ್ಟಿ ಕೆರೆಯ ಶಾರ್ಕು

ಜಾಲಿಹಟ್ಟಿ
11 ಜನವರಿ 2025

ಪ್ರಿಯ ಹುಲುಗಪ್ಪ,

ನಮ್ಮ ಕೆರೆಯಲ್ಲಿ ಶಾರ್ಕ್ ಇದೆಯಂತೆ. ಇದನ್ನು ಬರೆಯುವಾಗ ನನಗೆ ನಗು ಬರಬೇಕಿತ್ತು, ಬರುತ್ತಿಲ್ಲ. ಫೋನಿನಲ್ಲೇ ಹೇಳೋಣವೆಂದರೆ, ನೌಕರಿ ಮುಗಿಯುವವರೆಗೆ ಊರೂರಿಗೆ ಟೆಲಿಫೋನ್ ತಂತಿ ಎಳೆದ ನಿನಗೆ ಈಗ ಫೋನೇ ಕೇಳಿಸುವುದಿಲ್ಲ. ನಿನ್ನ ಮಗಳು ಕೋಮಲಾ ನಡುವೆ ನಿಂತು ನನ್ನ ಬೈಗುಳವನ್ನು ನಿನ್ನ ಕಿವಿಯಲ್ಲಿ ಕೂಗಿ ಹೇಳುವುದು ಬೇಡ. ಅದಕ್ಕೇ ಪತ್ರ.

ಹೊಸ ವರ್ಷದ ಹೊತ್ತಿಗೆ ಗವಿಸಿದ್ದೇಶನ ಎಮ್ಮೆ ನೀರಿನಿಂದ ಮೂಗು ಒಡೆದುಕೊಂಡು ಬಂತು. ಕೆರೆ ಒಣಗಿದ್ದ ಅಷ್ಟು ವರ್ಷಗಳಲ್ಲಿ ಒಳಗೆಲ್ಲ ಜಾಲಿ ಬೆಳೆದು, ಹೊಳೆಯ ನೀರು ಪೈಪಿನಲ್ಲಿ ಬರುವ ಮುಂಚೆ ಅದನ್ನು ಕಡಿದರಲ್ಲ, ಆ ಬೊಡ್ಡೆಗಳು ಇನ್ನೂ ನೀರಿನಡಿ ಚೂಪಾಗಿ ನಿಂತಿವೆ. ಎಮ್ಮೆಗೆ ತಾಗಿದ್ದು ಅದು. ನಾನು ಹೇಳಿದೆ, ಗವಿಸಿದ್ದೇಶ ತಲೆಯನ್ನೂ ಆಡಿಸಿದ. ಮರುದಿನ ಅವನ ಹೆಂಡತಿ ಬಟ್ಟೆ ಒಗೆಯುವಾಗ ತೊಲೆಯಷ್ಟು ಉದ್ದದ್ದೇನೋ ಮಗ್ಗುಲು ಬದಲಿಸಿದ್ದನ್ನು ಕಂಡಳಂತೆ. ಅದರ ಮರುದಿನ ಎಲ್ಲರ ಫೋನಿಗೂ ಒಂದು ವಿಡಿಯೊ ಬಂತು. ಕಡು ನೀಲಿ ನೀರು, ಬೆಳ್ಳಗಿನ ಮರಳು, ತೆಂಗಿನ ಸಾಲು, ಬಾಯಿ ತೆರೆದ ಶಾರ್ಕು. ಕೆಳಗೆ "ಜಾಲಿಹಟ್ಟಿ ಕೆರೆ, ಕೂಡ್ಲಿಗಿ ತಾಲ್ಲೂಕು" ಎಂದು ಬರಹ.

"ನಮ್ಮ ಕೆರೆಯ ನೀರು ಯಾವಾಗಪ್ಪ ನೀಲಿ ಆಗಿತ್ತು?" ಅಂದೆ.

"ಹೊಳಿ ನೀರು ಬಂದ ಮ್ಯಾಲೆ ಬಣ್ಣ ಬದಲಾಗೈತಲ್ರೀ ಅಯ್ನಾರ," ಅಂದ ಗವಿಸಿದ್ದೇಶ.

"ಹೊಳೆಗೆ ಶಾರ್ಕ್ ಎಲ್ಲಿಂದ ಬಂತು?"

"ಹೊಳಿ ಸಮುದ್ರಕ್ಕ ಹೋಗಂಗಿಲ್ಲೇನು? ಹೋಗಾಕ ದಾರಿ ಐತಿ ಅಂದ್ರ ಬರಾಕೂ ಐತಿ."

ಇವನು ಪದವೀಧರ, ಹುಲುಗಪ್ಪ. ನಾನು ಕೊಟ್ಟೂರಿನ ಗ್ರಂಥಾಲಯದಲ್ಲಿದ್ದಾಗ ಇವನ ಕೈಗೆ ಪುಸ್ತಕ ಕೊಟ್ಟವನು ನಾನೇ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರೆ ದೆವ್ವ ಓದಿಕೊಂಡು ವಾಪಸ್ಸು ಹೋಗುತ್ತದೆ ಎಂದು ಊರಿಗೆ ಊರೇ ಇದ್ದಿಲು ಹಿಡಿದದ್ದು ನನಗೆ ನೆನಪಿದೆ. ಗಣಪತಿ ಹಾಲು ಕುಡಿದ ವರ್ಷ ನೆನಪಿದೆ. ಮಕ್ಕಳ ಕಳ್ಳರೆಂದು ಆ ಸೀರೆ ಮಾರುವ ಇಬ್ಬರನ್ನು ಬಸ್‌ಸ್ಟ್ಯಾಂಡಿನಲ್ಲಿ ಸುತ್ತುವರಿದಾಗ ನೀನೂ ನಾನೂ ಅಡ್ಡ ನಿಂತು ಅಂಗಿ ಹರಿಸಿಕೊಂಡದ್ದು ನೆನಪಿದೆ. ಪ್ರತಿ ಸಲವೂ ಇದೇ ಕೊನೆ ಅಂದುಕೊಂಡೆ.

ಯಾರೂ ಸತ್ತಿಲ್ಲ. ಯಾರು ಸತ್ತರು ಎಂದು ಇಲ್ಲಿ ಕೇಳಿದರೆ ಪಕ್ಕದ ಊರಿನ ಹೆಸರು ಹೇಳುತ್ತಾರೆ. ಪಕ್ಕದ ಊರಿನಲ್ಲಿ ಕೇಳಿದರೆ ನಮ್ಮೂರಿನ ಹೆಸರು. ಆದರೆ ನಿನ್ನ ತಮ್ಮ ಹುಲುಗೇಶನ ಮೀನನ್ನು ಕೊಳ್ಳುವವರಿಲ್ಲ. ಮೊನ್ನೆ ಸಂತೆಯಲ್ಲಿ ಅವನ ಹೆಂಡತಿ ಶಿವಗಂಗಾ ಬುಟ್ಟಿ ಮುಂದಿಟ್ಟುಕೊಂಡು ಸಂಜೆವರೆಗೆ ಕೂತಿದ್ದಳು. ಬಂದವರು ಬಗ್ಗಿ ನೋಡಿ, "ಶಾರ್ಕ್ ಕೆರೀವೇನು?" ಎಂದು ಕೇಳಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋದರಂತೆ. ಡ್ಯಾಮಿನ ಕಡೆ ಇನ್ನೊಬ್ಬರ ದೋಣಿಯಲ್ಲಿ ದುಡಿಯುತ್ತಿದ್ದ ಹುಲುಗೇಶ್ ನಮ್ಮ ಕೆರೆ ತುಂಬಿತೆಂದು ಊರಿಗೆ ಬಂದ. ಮೀನುಗಾರರ ಸಂಘದಿಂದ ಐದು ವರ್ಷಕ್ಕೆ ಕೆರೆಯನ್ನು ಗುತ್ತಿಗೆ ಹಿಡಿದ. ಮರಿ ಬಿಟ್ಟು ಕಾದ. ಮೀನು ಕೈಗೆ ಬರುವ ಹೊತ್ತಿಗೆ ಇದು.

ನೀನು ಏನು ಹೇಳುತ್ತೀ, ಬರೆ. ಸುಮ್ಮನೆ ಕೂರಲು ನನಗಾಗದು.

ಎಂದಿನಂತೆ ಸಿಟ್ಟಿನಲ್ಲೇ,
ವೀರಭದ್ರಯ್ಯ

•

ಹರಪನಹಳ್ಳಿ
24 ಜನವರಿ 2025

ಪ್ರಿಯ ವೀರಭದ್ರಯ್ಯ,

ನಿನ್ನ ಪತ್ರವನ್ನು ಕೋಮಲಾ ನನಗಿಂತ ಮೊದಲು ಓದಿ ನಕ್ಕಳು. ಆಮೇಲೆ ನಾನು ಓದಿದೆ. ಶಿವಗಂಗಾ ಸಂಜೆವರೆಗೆ ಕೂತಿದ್ದಳು ಎಂಬಲ್ಲಿಗೆ ಬಂದಾಗ ನಾನು ನಗಲಿಲ್ಲ.

ನೀನು ಸಿಟ್ಟಾಗುವುದು ಜನರ ದಡ್ಡತನಕ್ಕೆ. ನನಗೆ ದಡ್ಡತನದ ಭಯವಿಲ್ಲ. ಅದು ತಾನಾಗಿ ಬೇಸತ್ತು ಇನ್ನೊಂದರ ಕಡೆ ಹೊರಳುತ್ತದೆ. ನನ್ನ ಭಯ ಬೇರೆ, ನಿನಗೆ ಗೊತ್ತಿರುವುದೇ. ನೀನು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಇವತ್ತು ಹೇಳಿಬಿಡುತ್ತೇನೆ. ನಾವಿಬ್ಬರೂ ಆ ಶಾಲೆಗೆ ಒಟ್ಟಿಗೆ ಹೋದವರು. ಬಾಯಾರಿದರೆ ನೀನು ಕೆರೆಯ ಮೆಟ್ಟಿಲಿಳಿಯುತ್ತಿದ್ದೆ, ನಾನು ಏರಿ ಸುತ್ತಿಕೊಂಡು ತೂಬಿನ ಕೆಳಗಿನ ಕಾಲುವೆಗೆ ಹೋಗುತ್ತಿದ್ದೆ. ನೀನು ನನಗಾಗಿ ಕಾಯುತ್ತಿದ್ದೆ, ಅದನ್ನೂ ಮರೆತಿಲ್ಲ. ಈಗ ನನ್ನ ತಮ್ಮ ಅದೇ ನೀರಿನ ನಟ್ಟನಡುವೆ ತೆಪ್ಪ ಹಾಕಿಕೊಂಡು ಕೂರುತ್ತಾನೆ. ಹೋದ ದೀಪಾವಳಿಗೆ ಬಂದಾಗ ನಾನು ಏರಿಯ ಮೇಲೆ ಬಹಳ ಹೊತ್ತು ನಿಂತಿದ್ದೆ. ಬುಟ್ಟಿಯಲ್ಲಿ ಎಷ್ಟು ಮೀನಿದೆ ಎಂದು ನಾನು ನೋಡಲೇ ಇಲ್ಲ.

ಆ ತೆಪ್ಪ ಅಲ್ಲಿರುವುದು ಕೆಲವರಿಗೆ ಸೇರುವುದಿಲ್ಲ. ಸೇರುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಾರರು, ಕಾಲ ಬದಲಾಗಿದೆ. ಅವರಿಗೆ ಒಂದು ನೆಪ ಬೇಕು, ಅಷ್ಟೇ. ಶಾರ್ಕ್ ಅದಕ್ಕೆ ಒದಗುವ ನೆಪವಲ್ಲ, ಅದು ಬೇಗ ಹಳಸುತ್ತದೆ. ಹಳಸುವವರೆಗೆ ಸುಮ್ಮನಿರು. ಹುಲುಗೇಶನಿಗೆ ಹೇಳಿದ್ದೇನೆ: ಹಗಲು ಹೊತ್ತಿನಲ್ಲಿ, ಜನ ನೋಡುವಾಗಲೇ ಈಜಾಡು, ಮೀನನ್ನು ಹೊಸಪೇಟೆ ಕಡೆ ಕಳಿಸು ಎಂದು.

ಪತ್ರಿಕೆಗೆ ಬರೆಯಬೇಡ. ಕೈ ತುರಿಸುತ್ತಿರುತ್ತದೆ, ಬಲ್ಲೆ. ನನಗೆ ಬರೆದುಕೋ.

ಜೈಭೀಮ್,
ಹುಲುಗಪ್ಪ

•

ಜಾಲಿಹಟ್ಟಿ
16 ಫೆಬ್ರುವರಿ 2025

ಪ್ರಿಯ ಹುಲುಗಪ್ಪ,

ಶಾರ್ಕ್ ಯಾರ ಮನೆಯದೆಂದು ಗೊತ್ತಾಯಿತು. ನಮ್ಮ ಮನೆಯದೇ.

ಮೊದಲಿನಿಂದ ಹೇಳುತ್ತೇನೆ. ಹುಲುಗೇಶನ ಬಲೆ ಮೂರು ಕಡೆ ಹರಿದಿತ್ತು. ಜಾಲಿ ಬೊಡ್ಡೆಗೆ ಸಿಕ್ಕಿ ಹರಿದದ್ದಲ್ಲ, ಯಾವುದೋ ಬಲವಾದದ್ದು ಒಳಗಿಂದ ನುಗ್ಗಿಕೊಂಡು ಹೋದ ಹಾಗಿತ್ತು. ಆಮೇಲೊಂದು ದಿನ ಅದು ತೆಪ್ಪದ ಪಕ್ಕದಲ್ಲೇ ಗಾಳಿ ಕುಡಿಯಲು ಮೇಲೆ ಬಂದಾಗ ಫೋನಿನಲ್ಲಿ ಫೋಟೊ ತೆಗೆದ. ತೋಳಿಗಿಂತ ಉದ್ದ, ಮೈಯೆಲ್ಲ ಬಿಲ್ಲೆ ಜೋಡಿಸಿದಂಥ ಹುರುಪೆ, ಮೂತಿ ಥೇಟು ಮೊಸಳೆಯದು. ಶಾರ್ಕ್ ಅಲ್ಲ, ಆದರೆ ನಮ್ಮ ನೀರಿನದೂ ಅಲ್ಲ. ನಾನು ಎರಡು ದಿನ ಹುಡುಕಿ ಹೆಸರು ಪತ್ತೆ ಮಾಡಿದೆ. ಅಲಿಗೇಟರ್ ಗಾರ್ ಅಂತೆ. ಅಮೆರಿಕದ ನದಿಗಳದು, ಸಣ್ಣ ಮೀನುಗಳನ್ನು ತಿಂದು ಬದುಕುವಂಥದ್ದು.

ಅಷ್ಟರಲ್ಲಿ ಕೊಟ್ಟೂರಿನಿಂದ ನಮ್ಮ ಕೊಟ್ರಸ್ವಾಮಿಯ ಹೆಂಡತಿ ಶೈಲಾ ಬಂದಳು. ನನ್ನ ತಮ್ಮನ ಮಗ ಕೊಟ್ರಸ್ವಾಮಿ ನಿನಗೆ ಗೊತ್ತಲ್ಲ, ಬೀಜ ಗೊಬ್ಬರದ ಅಂಗಡಿಯವನು. ಫೋಟೊ ತೋರಿಸಿದೆ. ಅವಳ ಮುಖ ಅರಳಿತು.

"ಅಯ್ಯ, ಇದು ನಮ್ಮ ರಾಜಾ ಅಲ್ರೀ ಮಾವಾರ. ಎಷ್ಟ್ ಬೆಳದಾನ ನೋಡ್ರಿ."

"ಯಾವ ರಾಜಾ?"

"ಅಂಗಡ್ಯಾಗ ಗಾಜಿನ ಪೆಟ್ಟಿಗಿ ಇಟ್ಟಿದ್ವಲ್ರೀ, ಈಶಾನ್ಯಕ್ಕ ಮೀನ್ ಇಟ್ರ ಒಳ್ಳೇದು ಅಂತ ಹೇಳಿದ್ರು. ತಂದಾಗ ಬೆರಳಷ್ಟು ಇದ್ದ. ಉಳಿದ ಮೀನೆಲ್ಲಾ ಮುಗಿಸಿದ. ಕಡೀಗೆ ಪೆಟ್ಟಿಗ್ಯಾಗ ತಿರುಗಾಕೂ ಬರ್ಲಿಲ್ಲ ಪಾಪ."

"ಅದಕ್ಕೆ?"

"ಅದಕ್ಕ ಏನ್ ಮಾಡೂದ್ರಿ? ಕೊಲ್ಲಾಕ ನಮ್ಮ ಕೈಲಿಂದ ಆಕ್ಕೈತೇನು? ತಿನ್ನೋರಿಗೆ ಕೊಡಾಕ ಮನಸ್ಸ ಬರ್ಲಿಲ್ಲ. ಶ್ರಾವಣದಾಗ ಸೋಮವಾರ ಡ್ರಮ್ಮಿನ್ಯಾಗ ನೀರ್ ತುಂಬಿ, ಗಾಡ್ಯಾಗ ಇಟ್ಕೊಂಡು ಬಂದು, ಅರಿಷಿಣ ಕುಂಕುಮ ಏರ್ಸಿ, ಕಾಯಿ ಒಡದು ಇಲ್ಲಿ ಬಿಟ್ವಿ. ಹಿರೇರ ಊರು, ಹೊಸಾ ನೀರು, ಚಂದಾಗಿ ಇರ್ಲಿ ಅಂತ."

"ಮನೆಗೇಕೆ ಬರಲಿಲ್ಲ ಅವತ್ತು?"

"ನೀವು ಬೈತೀರಿ ಅಂತ ಬರ್ಲಿಲ್ರಿ."

ಅಡುಗೆಮನೆಯಿಂದ ನನ್ನಾಕೆ ನಾಗಲಿಂಗಮ್ಮ, "ಆಕಿಗೆ ಬುದ್ಧಿ ಐತಿ," ಅಂದಳು.

ನೋಡು, ಇದು ನಮ್ಮವರು ಮಾತ್ರ ಮಾಡಬಲ್ಲ ಕೆಲಸ. ಒಂದು ಜೀವವನ್ನು ಕೊಲ್ಲಲಾರರು. ಆದ್ದರಿಂದ ಅದನ್ನು ಒಯ್ದು ಇನ್ನೊಬ್ಬನ ಅನ್ನದ ನಡುವೆ ಬಿಟ್ಟು ಕೈಮುಗಿದು ಹೋಗುತ್ತಾರೆ. ಹುಲುಗೇಶ್ ಬಿಟ್ಟ ಮರಿಗಳು ಲೆಕ್ಕಕ್ಕೇ ಇಲ್ಲ, ಅವುಗಳಿಗೆ ಜೀವವಿಲ್ಲ. ಶೈಲಾಳಿಗೆ ಇದನ್ನೆಲ್ಲ ಹೇಳಿದೆ. ಅವಳು ಅತ್ತಳು. ಒಳ್ಳೆಯ ಹುಡುಗಿ, ಅದೇ ನನ್ನನ್ನು ಇನ್ನೂ ಉರಿಸುತ್ತದೆ.

ಆದರೆ ಈಗ ನಮ್ಮ ಕೈಯಲ್ಲಿ ಸತ್ಯವಿದೆ. ಯಾರ ಮನೆಯ ಮೀನು, ಯಾವ ತಿಂಗಳು, ಯಾವ ವಾರ, ಹೇಗೆ ತಂದರು, ಹೇಗೆ ಬಿಟ್ಟರು, ಎಲ್ಲ ಬರೆದೆ. ನಮ್ಮ ಮನೆತನದ ಹೆಸರನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಜನ ನಂಬುವುದಿಲ್ಲ. "ಶಾರ್ಕ್ ಅಲ್ಲ, ಅವಿವೇಕ" ಎಂದು ತಲೆಬರಹ ಕೊಟ್ಟು ನಿನ್ನೆ ಪತ್ರಿಕೆಗೆ ಕಳಿಸಿದೆ. ನೀನು ಬೇಡವೆಂದಿದ್ದೆ. ಆಗ ನಮ್ಮ ಹತ್ತಿರ ಬರೀ ಸಿಟ್ಟಿತ್ತು, ಈಗ ಸಾಕ್ಷಿಯಿದೆ.

ಬಹುದಿನಗಳ ಮೇಲೆ ಹಗುರಾಗಿ,
ವೀರಭದ್ರಯ್ಯ

•

ಹರಪನಹಳ್ಳಿ
21 ಫೆಬ್ರುವರಿ 2025

ವೀರಭದ್ರಯ್ಯ,

ಪೂಜೆ ಮಾಡಿದ್ದನ್ನೂ ಬರೆದೆಯಾ? ಊರು ಕಾಲಿಗೆ ಬೀಳುವ ಅಯ್ಯನವರ ಮನೆಯ ಮೀನು ಎಂದೂ ಬರೆದೆಯಾ?

ಅಚ್ಚಾಗುವ ಮೊದಲು ಆ ಪತ್ರ ವಾಪಸ್ಸು ತೆಗೆದುಕೊಳ್ಳಲು ಆದರೆ ತೆಗೆದುಕೋ. ಆಗದಿದ್ದರೆ ಆ ಎರಡು ಸಾಲನ್ನಾದರೂ ಹೊಡೆದುಹಾಕಿಸು. ಹುಲುಗೇಶ್ ಆ ಮೀನನ್ನು ಹಿಡಿದು, ಕೊಂದು, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಕಣ್ಣೆದುರು ಮಲಗಿಸಲಿ. ಅದೊಂದೇ ದಾರಿ. ಅದೂ ಈ ವಾರದಲ್ಲೇ. ನಿನ್ನ ಬರಹ ಪತ್ರಿಕೆಯಲ್ಲಿ ಬಂದ ಮೇಲೆ ಜನ ಹಿಡಿಯಲು ಬಿಡುವುದಿಲ್ಲ.

ಅವಸರದಲ್ಲಿ,
ಹುಲುಗಪ್ಪ

•

ಜಾಲಿಹಟ್ಟಿ
30 ಮಾರ್ಚ್ 2025

ಪ್ರಿಯ ಹುಲುಗಪ್ಪ,

ನಿನ್ನ ಪತ್ರ ಕೈಸೇರಿದ ದಿನವೇ ನನ್ನದು ಅಚ್ಚಾಗಿತ್ತು. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಹೋದದ್ದು.

ನನ್ನ ತಲೆಬರಹವನ್ನು ಅವರು ಬದಲಿಸಿದ್ದರು. "ಜಾಲಿಹಟ್ಟಿ ಕೆರೆಗೆ ಪೂಜೆಯೊಂದಿಗೆ ಬಂದ ಅಪರೂಪದ ಮೀನು" ಎಂದು ಹಾಕಿದ್ದರು. ಹುಲುಗೇಶನಿಗಾದ ನಷ್ಟದ ಮಾತು, ಗಾರ್ ಮೀನಿನ ಸ್ವಭಾವ, ಅದನ್ನು ಹಿಡಿಯಲೇಬೇಕೆಂದು ನಾನು ಬರೆದ ಕೊನೆಯ ಭಾಗ, ಎಲ್ಲಕ್ಕೂ ಕತ್ತರಿ. ಉಳಿದದ್ದು ಡ್ರಮ್ಮು, ಅರಿಷಿಣ, ಸೋಮವಾರ, ನಮ್ಮ ಮನೆತನದ ಹೆಸರು.

ಆದರೂ ಮೊದಲ ವಾರ ನಾನು ಗೆದ್ದೆ ಅಂದುಕೊಂಡಿದ್ದೆ. ಶಾರ್ಕಿನ ಮಾತು ನಿಂತೇಹೋಯಿತು. ಮಕ್ಕಳು ನೀರಿಗಿಳಿದರು. ಶಿವಗಂಗಾ ಸಂತೆಯಿಂದ ಖಾಲಿ ಬುಟ್ಟಿಯಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದಳು. "ಅಯ್ನಾರ ಪೆನ್ನು ಬಲು ಚುರುಕು," ಅಂದಳು. ಆ ಮಾತು ಈಗ ನೆನೆಯಲಾರೆ.

ಮುಂದಿನ ಸೋಮವಾರ ಕೊಟ್ಟೂರಿನಿಂದ ಇಬ್ಬರು ಹೆಂಗಸರು ಕಾಯಿ ಕರ್ಪೂರ ಹಿಡಿದು ಬಂದರು. ಅದರ ಮುಂದಿನ ಸೋಮವಾರ ಎರಡು ಟ್ರ್ಯಾಕ್ಟರ್. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದಲೂ ಜನ. ನೀರಿಗೆ ಮಂಡಕ್ಕಿ ಎರಚಿದರು. ಮಂಡಕ್ಕಿಗೆ ಗೆಂಡೆ ಮೀನುಗಳು ಗುಂಪಾಗಿ ಮೇಲೆ ಬಂದವು. "ಮರಿ ಹಾಕೈತಿ, ನೋಡ್ರಿ, ನೋಡ್ರಿ," ಎಂದು ಕೈಮುಗಿದರು. ಅವು ಹುಲುಗೇಶ್ ತಂದು ಬಿಟ್ಟ ಗೆಂಡೆಗಳು, ನಿಮ್ಮ ದೇವರು ಅವುಗಳನ್ನು ತಿನ್ನುತ್ತದೆ ಎಂದೆ. "ತಿಂದ್ರ ಪುಣ್ಯ ಬಂತಲ್ರೀ ಅವಕ್ಕ," ಎಂದಳು ಒಬ್ಬಾಕೆ. ಹೆಸರೂ ಬಂದಿದೆ: ಮೀನಪ್ಪಸ್ವಾಮಿ.

ಕಳೆದ ವಾರ ಏರಿಯ ಮೇಲೆ ಸಭೆ ಸೇರಿತ್ತು. ನಾಗಪ್ಪ ಮುಂದಾಳು. ನನ್ನ ಪತ್ರವನ್ನು ಪತ್ರಿಕೆಯಿಂದ ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಬೇವಿನ ಮರಕ್ಕೆ ಕಟ್ಟಿದ್ದರು.

"ಅಯ್ನಾರ, ನೀವ ಬರದೀರಿ," ಅಂದ ನಾಗಪ್ಪ. "ಪೂಜಿ ಮಾಡಿ ಬಿಟ್ಟಾರ ಅಂತ ಬರದೀರಿ. ಸುಳ್ಳೇನ್ರಿ ಅದು?"

"ಸುಳ್ಳಲ್ಲ. ಆದರೆ ಅದು..."

"ಸುಳ್ಳಲ್ಲ ಅಂದ್ರ ಮುಗೀತು. ದೇವ್ರಂತ ಬಿಟ್ಟ ನೀರಿನ್ಯಾಗ ಬಲೆ ಹಾಕೂದು ಚಂದ ಅಲ್ಲ ಅಂತ ಎಲ್ಲಾರದೂ ಒಂದ ಮಾತು. ಯಾರ ಮ್ಯಾಲೂ ವೈರತ್ವ ಇಲ್ಲ."

ಹುಲುಗೇಶ್ ಎದ್ದು ನಿಂತ. "ಬಲೆ ಹಾಕಬ್ಯಾಡ ಅಂದ್ರ ನಾ ಏನ್ ಮಾಡ್ಲಿ, ನಾಗಪ್ಪಣ್ಣ? ಇನ್ನೂ ಮೂರು ವರ್ಷ ಕೆರಿ ನಂದೈತಿ."

"ನಿಂದ ಐತಿ, ಯಾರ್ ಇಲ್ಲ ಅಂದ್ರು? ಏರಿ ಕೆಳಗ ಮಂಡಕ್ಕಿ ಅಂಗಡಿ ಇಡು. ಸೋಮವಾರ ನೋಡು, ಎಷ್ಟ್ ಜನ. ಆ ಜಾಗ ನಿನಗ ಬಿಟ್ಟು ಮತ್ತೊಬ್ಬರಿಗೆ ಕೊಡಂಗಿಲ್ಲ, ಮಾತ್ ಕೊಡ್ತೀವಿ."

ಜನ ಚಪ್ಪಾಳೆ ತಟ್ಟಿದರು. ನಿಜವಾಗಿಯೂ ಉಪಕಾರ ಮಾಡಿದೆವೆಂದೇ ತಟ್ಟಿದರು. ನಾನು ಎದ್ದು ಮಾತಾಡಿದೆ. ಓದಿದ್ದನ್ನೆಲ್ಲ ಹೇಳಿದೆ, ಕಾನೂನು ಹೇಳಿದೆ, ಗಂಟಲು ಕಟ್ಟುವವರೆಗೆ ಹೇಳಿದೆ. ಕೇಳಿದರು. ನಡುವೆ ಒಬ್ಬ ನೀರು ತಂದುಕೊಟ್ಟ. ಮುಗಿದ ಮೇಲೆ ನಾಗಪ್ಪ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಎಲ್ಲರೂ ಎದ್ದು ಹೋದರು.

ಮನೆಗೆ ಬಂದು ಕೂತೆ. ನಾಗಲಿಂಗಮ್ಮ ತಟ್ಟೆ ಇಟ್ಟು, "ಬರದ್ರಿ, ಆತು. ಇನ್ನ ಉಣ್ರಿ," ಅಂದಳು.

ಏನು ಮಾಡಲಿ ಹೇಳು,
ವೀರಭದ್ರಯ್ಯ

•

ಹರಪನಹಳ್ಳಿ
12 ಏಪ್ರಿಲ್ 2025

ವೀರಭದ್ರಯ್ಯ,

ಕಳೆದ ಸೋಮವಾರ ನಾನು ಜಾಲಿಹಟ್ಟಿಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಬರಬಾರದೆಂದಲ್ಲ, ಏರಿಯಿಂದ ಇಳಿದ ಮೇಲೆ ಕಾಲು ಬಸ್‌ಸ್ಟ್ಯಾಂಡಿನ ಕಡೆ ಹೋದವು.

ಬೇವಿನ ಮರಕ್ಕೆ ಕಟ್ಟಿದ್ದನ್ನು ಓದಿದೆ. ಚೆನ್ನಾಗಿ ಬರೆದಿದ್ದೀ. ನಿನ್ನ ವಾಕ್ಯಗಳು ಯಾವಾಗಲೂ ಚೊಕ್ಕ. ಕೆಳಗೆ ಯಾರೋ ಕುಂಕುಮ ಹಚ್ಚಿದ್ದಾರೆ, ನಿನ್ನ ಹೆಸರಿನ ಮೇಲೆ.

ನನ್ನನ್ನು ಕಂಡು ನಾಗಪ್ಪ ಬಂದ, ಇನ್ನೂ ಕೆಲವರು ಬಂದರು. ಬಹಳ ಹೊತ್ತು ಮಾತಾಡಿದರು. ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಎಲ್ಲರ ಮುಖದಲ್ಲೂ ನಗು ಇತ್ತು. ಒಬ್ಬ ನನ್ನ ಕೈ ಹಿಡಿದುಕೊಂಡೇ ಇದ್ದ. ಬಾಯಿಗಳು ಆಡುತ್ತಿದ್ದವು, ತಲೆಗಳು ಅಲ್ಲಾಡುತ್ತಿದ್ದವು. ನಾನು ಅವರ ಹೆಗಲ ಮೇಲಿಂದ ನೀರು ನೋಡಿದೆ. ತೆಪ್ಪವನ್ನು ದಡಕ್ಕೆಳೆದು ಬೋರಲು ಹಾಕಿದ್ದರು. ಅದರ ಬೆನ್ನ ಮೇಲೆ ಯಾರದೋ ಮಗುವನ್ನು ಕೂರಿಸಿ ಫೋಟೊ ತೆಗೆಯುತ್ತಿದ್ದರು.

ಕೇಳಿಸಿದ್ದರೆ ಏನಾದರೂ ಅನ್ನುತ್ತಿದ್ದೆನೋ ಏನೋ.

ಹುಲುಗೇಶನನ್ನು ಕರೆದುಕೊಂಡು ಕೂಡ್ಲಿಗಿಗೆ ಹೋಗು. ಕಚೇರಿಗೆ ಅವನೊಬ್ಬನೇ ಹೋದರೆ ನಿಲ್ಲಿಸಿಯೇ ಮಾತಾಡುತ್ತಾರೆ. ನೀನಿದ್ದರೆ ಕುರ್ಚಿ ಕೊಡುತ್ತಾರೆ.

ಹುಲುಗಪ್ಪ

•

ಜಾಲಿಹಟ್ಟಿ
5 ಮೇ 2025

ಪ್ರಿಯ ಹುಲುಗಪ್ಪ,

ಕುರ್ಚಿ ಕೊಟ್ಟರು. ಚಹಾವನ್ನೂ ಕೊಟ್ಟರು.

ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋದೆವು. ಎಲ್ಲ ಕಡೆಯೂ ಒಂದೇ ಬಗೆಯ ಮಾತು, ಆದ್ದರಿಂದ ಒಂದನ್ನೇ ಬರೆಯುತ್ತೇನೆ. ಅಧಿಕಾರಿ ಸಣ್ಣ ವಯಸ್ಸಿನವನು, ಸಭ್ಯ. "ಹಕ್ಕು ಇವರದೇ ಸರ್, ಅದರಾಗ ಎರಡು ಮಾತಿಲ್ಲ," ಅಂದ. "ಆದ್ರ ಇದು ಜನರ ಭಾವನೆ. ನಾಳೆ ಏನಾರ ಆದ್ರ ಹೊಣಿ ಯಾರು?"

"ಹಾಗಾದರೆ ತಡೆದವರ ಮೇಲೆ ದೂರು ಕೊಡುತ್ತೇವೆ."

"ಯಾರು ತಡದ್ರು ಅಂತ ಕೊಡ್ತೀರಿ? ಯಾರಾದ್ರೂ ಹೊಡದ್ರಾ? ಬೈದ್ರಾ?"

ನಾನು ಹುಲುಗೇಶನ ಮುಖ ನೋಡಿದೆ. "ಇಲ್ರಿ," ಅಂದ ಅವನು. "ಯಾರೂ ಬೈದಿಲ್ರಿ. ಎಲ್ಲಾರೂ ಚೊಲೋ ಮಾತಾಡ್ಯಾರ."

"ಮತ್ತ? ಬೇರೆ ಕೆರಿ ಕೊಡಿಸಾಕ ಬರ್ತೈತೇನು ನೋಡೋಣ." ಅವನು ಹೆಸರಿಸಿದ ಕೆರೆಗೆ ಪೈಪು ಇನ್ನೂ ಮುಟ್ಟಿಲ್ಲ. ಅದರಲ್ಲಿ ನೀರೇ ಇಲ್ಲವಲ್ಲ ಅಂದೆ. "ಮಳಿ ಆಗ್ಲಿ ಸರ್," ಅಂದ.

ವಾಪಸ್ಸು ಬಸ್ಸು ಹತ್ತಿದೆವು. ಊರು ಹತ್ತಿರವಾದಾಗ ಹುಲುಗೇಶ್ ನಕ್ಕ. "ಅಯ್ನಾರ, ಶಾರ್ಕ್ ಇದ್ದಾಗನ ಚೊಲೋ ಇತ್ತು ನೋಡ್ರಿ. ಆಗ ನೀರಿಗೆ ಇಳಿಯೋನು ನಾನೊಬ್ಬನ ಇದ್ದೆ."

ಆ ಮೀನು ತಿಂಗಳಿಂದ ಯಾರಿಗೂ ಕಂಡಿಲ್ಲ. ಬಿಸಿಲಿಗೆ ನೀರು ಇಳಿದಿದೆ, ಬಹುಶಃ ಸತ್ತು ಕೆಸರಿನಲ್ಲಿ ಹೂತಿದೆ. ಕಾಣುತ್ತಿದ್ದಾಗ ತೋಳಿಗಿಂತ ಸ್ವಲ್ಪ ಉದ್ದವಿದ್ದದ್ದು, ಕಾಣದಾದ ಮೇಲೆ ಬಂಡಿಯಷ್ಟಾಗಿದೆ. ಕೊಟ್ರಸ್ವಾಮಿ ಮೆಟ್ಟಿಲ ಬಳಿ ಕಲ್ಲಿನ ಕಟ್ಟೆ ಕಟ್ಟಿಸುತ್ತಿದ್ದಾನೆ. ನಾನು ಹೋಗಿ ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡು, "ಜನ ಕೇಳ್ತಾರ ದೊಡ್ಡಪ್ಪ, ಇಲ್ಲ ಅನ್ನಾಕ ಬರಂಗಿಲ್ಲ," ಅಂದ. ಶೈಲಾ ಈಗ ಇತ್ತ ಬರುವುದಿಲ್ಲ. ಅವಳೊಬ್ಬಳಿಗೆ ನಾಚಿಕೆಯಿದೆ.

ಇನ್ನೊಂದು ವಿಷಯ. ಮೊನ್ನೆ ಬೆಳಿಗ್ಗೆ ಹುಲುಗೇಶನ ಮನೆಗೆ ಹೋದೆ, ಬೀಗ ಹಾಕಿತ್ತು. ತೆಪ್ಪವನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರೆಂದು ಗವಿಸಿದ್ದೇಶ ಹೇಳಿದ. ಅವನೂ ಕೈಹಚ್ಚಿ ಹೇರಿದನಂತೆ. ಎಲ್ಲಿಗೆ ಎಂದು ಅವರು ನನಗೆ ಹೇಳಿರಲಿಲ್ಲ. ನಿನಗೆ ಹೇಳಿರಬೇಕು. ಬರೆ.

ವೀರಭದ್ರಯ್ಯ

•

ಜಾಲಿಹಟ್ಟಿ
22 ಜೂನ್ 2025

ಪ್ರಿಯ ಹುಲುಗಪ್ಪ,

ಮೇ ತಿಂಗಳ ಪತ್ರಕ್ಕೂ ಉತ್ತರವಿಲ್ಲ, ಆಮೇಲಿನದಕ್ಕೂ ಇಲ್ಲ. ಅಂಚೆಯವನನ್ನು ಕೇಳಿದೆ, ಎಲ್ಲ ಸರಿಯಾಗಿಯೇ ಹೋಗುತ್ತಿದೆ ಅಂದ.

ಬೇವಿನ ಮರಕ್ಕೆ ಕಟ್ಟಿದ್ದನ್ನು ಒಂದು ಮಧ್ಯಾಹ್ನ ಬಿಚ್ಚಿ ತಂದೆ. ಸೋಮವಾರದ ಹೊತ್ತಿಗೆ ಇನ್ನೊಂದು ಕಟ್ಟಿದ್ದರು, ಇದಕ್ಕಿಂತ ದೊಡ್ಡದು, ಬಣ್ಣದ್ದು. ಮೊದಲಿನದನ್ನು ಗಾಳಿ ಹಾರಿಸಿಕೊಂಡು ಹೋಯಿತೆಂದು ನಾಗಪ್ಪ ಹೇಳುತ್ತಿದ್ದ. ನಾನೇ ಬಿಚ್ಚಿದ್ದು ಅಂದೆ. "ಮನಿಯಾಗ ಇಟ್ಟು ಪೂಜಿ ಮಾಡಾಕ ಒಯ್ದಿರಬೇಕು ಬಿಡ್ರಿ," ಅಂದ.

ನನ್ನನ್ನು ಬೈಯಬೇಕೆಂದಿದ್ದರೆ ಬೈದು ಬರೆ. ಎರಡೇ ಸಾಲಾದರೂ ಸಾಕು.

ಕಾಯುತ್ತಾ,
ವೀರಭದ್ರಯ್ಯ

•

ಹರಪನಹಳ್ಳಿ
3 ಜುಲೈ 2025

ವೀರಭದ್ರಯ್ಯ ಮಾಮಾ ಅವರಿಗೆ ಕೋಮಲಾಳ ನಮಸ್ಕಾರಗಳು.

ಅಪ್ಪ ಆರೋಗ್ಯವಾಗಿದ್ದಾರೆ. ನಿಮ್ಮ ಪತ್ರಗಳೆಲ್ಲ ಬಂದಿವೆ, ಅವರು ಓದಿದ್ದಾರೆ. ಉತ್ತರ ಬರೆಯಲು ಎರಡು ಮೂರು ಸಲ ಕೂತರು. ಪೆನ್ನು ಮುಚ್ಚಿಟ್ಟು ಎದ್ದುಬಿಡುತ್ತಾರೆ. ಸಿಟ್ಟಲ್ಲ ಮಾಮಾ. ಸಿಟ್ಟಾಗಿದ್ದರೆ ನನಗೆ ಗೊತ್ತಾಗುತ್ತಿತ್ತು.

ಚಿಕ್ಕಪ್ಪ, ಚಿಕ್ಕಮ್ಮ ಹಲವಾಗಲಿನಲ್ಲಿದ್ದಾರೆ. ಅಲ್ಲಿ ಹೊಳೆಯ ಮೇಲೆ ಒಬ್ಬರ ಜೊತೆ ಪಾಲಿಗೆ ಮೀನು ಹಿಡಿಯುತ್ತಾರೆ. ನಾನು ಹೇಳಿದೆನೆಂದು ಅಪ್ಪನಿಗೆ ಬರೆಯಬೇಡಿ. ನಾಗಲಿಂಗಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಕೋಮಲಾ

•

ಜಾಲಿಹಟ್ಟಿ
19 ಆಗಸ್ಟ್ 2025

ಪ್ರಿಯ ಹುಲುಗಪ್ಪ,

ನೀನು ಉತ್ತರಿಸಬೇಕಿಲ್ಲ. ಇದು ತಿಳಿಸಬೇಕಾದದ್ದು, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಹಲವಾಗಲಿಗೆ ಹೋಗಿದ್ದೆ. ಯಾರು ಹೇಳಿದರೆಂದು ಕೇಳಬೇಡ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿದೆ. ನಿನ್ನ ಮನೆಯ ಓಣಿ ಬಸ್‌ಸ್ಟ್ಯಾಂಡಿನಿಂದ ಕಾಣುತ್ತದೆ. ಬಸ್ಸು ಹೊರಡುವವರೆಗೆ ಅತ್ತಲೇ ನೋಡುತ್ತಿದ್ದೆ.

ಹೊಳೆ ಮೈದುಂಬಿ ಹರಿಯುತ್ತಿದೆ. ದಡದಲ್ಲಿ ತಗಡಿನ ಮನೆ. ಹೊಳೆಗೆ ಸೆಳೆತ ಹೆಚ್ಚಿದ್ದರಿಂದ ಹುಲುಗೇಶ್ ಬಲೆ ಹೊಲಿಯುತ್ತಾ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಮೊದಲು ಅವನ ಕಣ್ಣು ನನ್ನ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ನೋಡಿತು. ಆಮೇಲೆ, "ಬರ್ರಿ ಅಯ್ನಾರ," ಅಂದ.

ಶಿವಗಂಗಾ ಚಾಪೆ ಹಾಸಿದಳು. ಹೇಗಿದ್ದೀರಿ ಎಂದು ಕೇಳಿದೆ. "ಅದೀವ್ರಿ," ಅಂದಳು. ಅಲ್ಲಿಯವರು ಮೊದಮೊದಲು ಕೇಳುತ್ತಿದ್ದರಂತೆ, ನೀವು ಆ ಮೀನಪ್ಪನ ಊರಿನವರೇನು ಎಂದು. ಕೂಡ್ಲಿಗಿ ಕಡೆಯವರು ಎಂದಷ್ಟೇ ಹೇಳಿ ಸುಮ್ಮನಾಗುತ್ತಾರಂತೆ. ಪಾಲುಗಾರ ಮಾಗಳದವನು, ಒಳ್ಳೆಯವನು, ಹೆಚ್ಚು ಕೇಳುವುದಿಲ್ಲ.

ನಾನು ತಯಾರಾಗಿ ಹೋಗಿದ್ದೆ. ಮೇಲಿನ ಅಧಿಕಾರಿಗಳಿಗೆ ಒಂದು ಅರ್ಜಿ, ದೊಡ್ಡ ಪತ್ರಿಕೆಯೊಂದಕ್ಕೆ ಒಂದು ಲೇಖನ, ಎರಡನ್ನೂ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಈ ಸಲ ಒಂದಕ್ಷರಕ್ಕೂ ಬೇರೆ ಅರ್ಥ ಹುಟ್ಟದ ಹಾಗೆ ತಿದ್ದಿ ತಿದ್ದಿ ಬರೆದಿದ್ದೆ. ಮುಂದಿನ ವರ್ಷ ಈ ಹೊತ್ತಿಗೆ ಕೆರೆಯನ್ನು ಮತ್ತೆ ನಿನ್ನ ಕೈಗೆ ಕೊಡಿಸುತ್ತೇನೆ, ಒಂದು ಸಹಿ ಹಾಕು ಅಂದೆ. ಹುಲುಗೇಶ್ ಹಾಳೆಗಳನ್ನು ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ಸೂಜಿಯನ್ನು ಬಲೆಗೆ ಚುಚ್ಚಿಟ್ಟ.

"ಅಯ್ನಾರ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬಾರ್ದು."

"ಕೇಳು."

"ಇಲ್ಲೀದು ಏನೂ ಬರೀಬ್ಯಾಡ್ರಿ. ನಾವು ಇಲ್ಲಿ ಅದೀವಿ ಅಂತ ಬರೀಬ್ಯಾಡ್ರಿ. ಈ ಹೊಳ್ಯಾಗ ಏನ್ ಐತಿ, ಏನಿಲ್ಲ, ಅದೂ ಬ್ಯಾಡ್ರಿ."

ಶಿವಗಂಗಾ ಒಳಗೆ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದ್ದಳು.

"ನಮ್ಮ ಒಳ್ಳೇದಕ್ಕೂ ಬರೀಬ್ಯಾಡ್ರಿ," ಅಂದ.

ಆಗಲಿ ಎಂದೆ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡೆ. ಅವನು ಮತ್ತೆ ಸೂಜಿ ಕೈಗೆತ್ತಿಕೊಂಡ. ಶಿವಗಂಗಾ ಅನ್ನ, ಸಾರು ತಂದಿಟ್ಟಳು, ನಾನು ಬರುತ್ತೇನೆಂದು ಗೊತ್ತಿಲ್ಲದೆಯೂ ನನಗೆಂದು ಮೀನಿಲ್ಲದ ಬೇರೆ ಸಾರು ಮಾಡಿದ್ದಳು ಆ ಸ್ವಲ್ಪ ಹೊತ್ತಿನಲ್ಲೇ. ಉಂಡೆ. ಬಸ್ಸಿಗೆ ಹುಲುಗೇಶನೇ ಬಂದು ಹತ್ತಿಸಿದ. ಕಿಟಕಿಯ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವವರೆಗೂ ಕೆಳಗೆ ನಿಂತಿದ್ದ.

ನಿನ್ನ,
ವೀರಭದ್ರಯ್ಯ